ನೀನು ಬರುವವರೆಗೆ

ಆಲ್ಟ್‌ಫೆಲ್ಡ್, ಮ್ಯಾನಿಟೋಬಾ
ಸೆಪ್ಟೆಂಬರ್ 9

ಡೀಟ್,

ಈ ಸಲ ಫೋನ್ ಮಾಡಬೇಡ. ಮಾಡಿದರೂ ನಿನಗೆ ಕೇಳಿಸುವುದು ಹಸು ಮೂಗಿನಲ್ಲಿ ಉಸಿರು ಬಿಟ್ಟಂಥ ಸದ್ದು ಮಾತ್ರ. ಅಷ್ಟು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಹಿಂದಿನ ಸೀಟಿನಲ್ಲಿ ಹೊಡೆದಾಡುವ ಹುಡುಗರನ್ನು ಕನ್ನಡಿಯಲ್ಲಿ ನೋಡಿ ಒಂದು ಕೂಗು ಹಾಕಿದರೆ ಗಾಜು ಅದುರುತ್ತಿತ್ತು. ಆ ಗಂಟಲು ಈಗ ಒಂದು ಗುಟುಕು ನೀರನ್ನು ಒಳಗೆ ಬಿಡುವುದಕ್ಕೂ ಯೋಚನೆ ಮಾಡುತ್ತದೆ.

ನಾಲಿಗೆ ತೊಡರುತ್ತಿದೆ, ಹಲ್ಲಿನ ಸೆಟ್ಟು ಸರಿಯಾಗಿ ಕೂತಿಲ್ಲ ಎಂದು ವಸಂತದಲ್ಲಿ ಬರೆದಿದ್ದೆನಲ್ಲ, ಅದು ಹಲ್ಲಿನ ಸೆಟ್ಟಲ್ಲ. ವಿನ್ನಿಪೆಗ್‌ನ ಡಾಕ್ಟರು ಎ.ಎಲ್.ಎಸ್. ಎಂದರು. ಮಿದುಳು ಹೇಳಿದ್ದನ್ನು ಮೈ ಕೇಳಿಸಿಕೊಳ್ಳುವುದನ್ನು ಬಿಡುತ್ತಾ ಹೋಗುವ ಕಾಯಿಲೆ. ನನ್ನಲ್ಲಿ ಗಂಟಲಿನಿಂದ ಶುರುವಾಗಿದೆ. ಕೈ ಇನ್ನೂ ನನ್ನ ಮಾತು ಕೇಳುತ್ತಿದೆ, ಅದಕ್ಕೇ ಈ ಕಾಗದ. ಕೊನೆಗೆ ಉಸಿರಿನ ಸರದಿ ಬರುತ್ತದೆ. ಔಷಧಿ ಇಲ್ಲ. ಇಮೇಲ್ ಮಾಡಿದರೆ ನೀನು ಒಂದು ಸಾಲಿನ ಉತ್ತರ ಕಳಿಸುತ್ತೀಯ. ಕಾಗದದಲ್ಲಿ ಮಾತ್ರ ಮನುಷ್ಯನ ಹಾಗೆ ಮಾತಾಡುತ್ತೀಯ.

ಇನ್ನೊಂದು ವಿಷಯ. ಕಾನೂನು ಒಪ್ಪುವ ಸಾವನ್ನು ನಾನು ಕೇಳಿಕೊಂಡಿದ್ದೇನೆ. ಇಬ್ಬರು ಡಾಕ್ಟರು ಬೇರೆ ಬೇರೆಯಾಗಿ ಬಂದು, ನನ್ನ ಮುಂದೆ ಕೂತು, ನನ್ನ ಬರೆಯುವ ಹಲಗೆ ತುಂಬುವವರೆಗೆ ಪ್ರಶ್ನೆ ಕೇಳಿದರು. ಇಬ್ಬರೂ ಆಗಬಹುದು ಎಂದರು. ದಿನ ಮಾತ್ರ ನಾನು ಹೇಳಬೇಕು. ಅವರು ಮನೆಗೇ ಬರುತ್ತಾರೆ. ಸೂಜಿ ಹಾಕುತ್ತಾರೆ, ನಿದ್ದೆ ಬರುತ್ತದೆ, ಅಷ್ಟೆ.

ನಿನ್ನ ಭಾವ ಇಸ್‌ಬ್ರಾಂಡ್‌ಗೆ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದ. "ಇದರಲ್ಲೊಂದು ಅಕ್ಷರ ತಪ್ಪಿದೆ ಕಣೇ" ಅಂದ. ಆಮೇಲೆ ಎದ್ದು ಹಂದಿ ಕೊಟ್ಟಿಗೆಗೆ ಹೋದವನು ಊಟಕ್ಕೂ ಬರಲಿಲ್ಲ. ಚರ್ಚಿನ ಡೀಕನ್ ಅವನು. ಊರಿನವರೆಲ್ಲ ಕಷ್ಟ ಹೇಳಿಕೊಳ್ಳಲು ಅವನ ಹತ್ತಿರ ಬರುತ್ತಾರೆ. ಅವನು ಯಾರ ಹತ್ತಿರ ಹೋಗಬೇಕು?

ಮಗಳು ಕರೋಲಾ ವಿನ್ನಿಪೆಗ್‌ನಿಂದ ವಾರಕ್ಕೊಮ್ಮೆ ಬಂದು ಓಡಾಟವೆಲ್ಲ ನೋಡಿಕೊಳ್ಳುತ್ತಾಳೆ. ಡಾಕ್ಟರಿಗೆ ನಾನು ಹೇಳಿರುವುದು ಒಂದೇ ಮಾತು. ನನ್ನ ತಮ್ಮ ಸಮುದ್ರದ ನಡುವೆ ಲೈಟ್‌ಹೌಸ್ ಕಾಯುತ್ತಾನೆ, ಅವನು ಬರುವವರೆಗೆ ನಾನು ಹೋಗುವುದಿಲ್ಲ. ನೀನು ನನ್ನ ಕೈ ಹಿಡಿದುಕೊಂಡಿರಬೇಕು. ಬೇರೇನೂ ಬೇಡ.

ನೆಟ್ಟಿ


ಲೂನ್ ರಾಕ್ ಲೈಟ್‌ಹೌಸ್, ಬ್ರಿಟಿಷ್ ಕೊಲಂಬಿಯಾ
ಸೆಪ್ಟೆಂಬರ್ 30

ಅಕ್ಕ,

ನಿನ್ನ ಕಾಗದ ದಿನಸಿ ತರುವ ಹೆಲಿಕಾಪ್ಟರಿನಲ್ಲಿ ಆಲೂಗಡ್ಡೆ ಚೀಲದ ಮೇಲೆ ಕೂತು ಬಂತು. ಓದಿದೆ. ಹೊರಗೆ ಹೋಗಿ ಗೋಪುರದ ಕಟಕಟೆಗೆ ಅರ್ಧ ಬಣ್ಣ ಹಚ್ಚಿದೆ. ಮತ್ತೆ ಬಂದು ಓದಿದೆ. ಮತ್ತೆ ಹೋಗಿ ಉಳಿದರ್ಧ ಹಚ್ಚಿದೆ. ಬಣ್ಣ ಎರಡು ಬೇರೆ ಡಬ್ಬಿಯದು, ಈಗ ಕಟಕಟೆ ಹುಚ್ಚರ ಮನೆಯದರ ಹಾಗೆ ಕಾಣುತ್ತಿದೆ.

ಯಾರು ನಿನ್ನ ತಲೆಗೆ ಇದನ್ನು ತುಂಬಿದವರು? ಕರೋಲಾಳೇ? ಪ್ರತಿ ವಾರ ಅಷ್ಟು ದೂರ ಕಾರು ಓಡಿಸಿ ಸಾಕಾಗಿದೆ ಎಂದು ಬಾಯಿ ಬಿಟ್ಟು ಹೇಳಲಾರದೆ ಈ ದಾರಿ ತೋರಿಸಿದಳೇ? ಅಥವಾ ಆ ಡಾಕ್ಟರುಗಳೇ? ಸರಿಹೋಗದ ಮುದುಕಿಯರಿಗೆ ಹಾಸಿಗೆ ಕೊಡುವುದಕ್ಕಿಂತ ಸೂಜಿ ಕೊಡುವುದು ಸಲೀಸು. ನಾವು ಹಂದಿಗೂ ನಾಯಿಗೂ ಮಾಡುವುದನ್ನು ನಿನಗೆ ಮಾಡುತ್ತೇವೆ ಎನ್ನುವವರ ಮುಂದೆ ನೀನು ಹಲಗೆ ಹಿಡಿದು ಕೂತಿದ್ದೀಯ. ನೀನು! ಚಳಿಗಾಲದ ಬಿರುಗಾಳಿಯಲ್ಲಿ ಬಸ್ಸು ಹಳ್ಳಕ್ಕೆ ಜಾರಿದಾಗ ಅಷ್ಟೂ ಮಕ್ಕಳನ್ನು ಬೆಳಗಿನವರೆಗೆ ಹಾಡು ಹೇಳಿಸಿ ಎಚ್ಚರವಾಗಿಟ್ಟವಳು.

ಹೊಟ್ಟೆಗೆ ನಳಿಕೆ ಹಾಕುತ್ತಾರಂತೆ. ಉಸಿರಿಗೆ ಯಂತ್ರವಿದೆಯಂತೆ. ಮಾತಾಡುವ ಪೆಟ್ಟಿಗೆಯೂ ಇದೆಯಂತೆ. ಇಲ್ಲಿನ ಇಂಟರ್ನೆಟ್ ಆಮೆಯಾದರೂ ನಾನು ಎಲ್ಲ ಓದಿದ್ದೇನೆ.

ಬರುತ್ತೇನೆ. ಅಕ್ಟೋಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ನನ್ನ ಬದಲಿಗೆ ಯಾರಾದರೂ ಸಿಕ್ಕರೆ ಬರುತ್ತೇನೆ. ಬಂದು ನಿನ್ನ ತಲೆ ಸರಿ ಮಾಡುತ್ತೇನೆ.

ಡೀಟ್


ಆಲ್ಟ್‌ಫೆಲ್ಡ್
ಅಕ್ಟೋಬರ್ 17

ಡೀಟ್,

ಥ್ಯಾಂಕ್ಸ್‌ಗಿವಿಂಗ್ ಬಂದು ಹೋಯಿತು. ನಿನಗೆಂದು ಹಾಕಿದ್ದ ಕುರ್ಚಿಯಲ್ಲಿ ಬೆಕ್ಕು ಮಲಗಿತ್ತು.

ಕರೋಲಾಳ ಬಗ್ಗೆ ಇನ್ನೊಮ್ಮೆ ಹಾಗೆ ಬರೆದರೆ ನಿನ್ನ ಕಾಗದ ಒಲೆಗೆ ಹೋಗುತ್ತದೆ. ಪ್ರತಿ ವಾರ ಬಂದವಳು ಮೊದಲು ಕೇಳುವುದೇ "ಅಮ್ಮಾ, ಮನಸ್ಸು ಬದಲಾಯ್ತಾ?" ಎಂದು. ಇಲ್ಲ ಎಂದು ತಲೆಯಾಡಿಸಿದರೆ ಸರಿ ಎನ್ನುತ್ತಾಳೆ. ಹೊರಡುವಾಗ ಕಾರಿನಲ್ಲಿ ಕೂತು, ಇಂಜಿನ್ ಶುರುಮಾಡದೆ, ಅಳುತ್ತಾಳೆ. ಅಡುಗೆಮನೆ ಕಿಟಕಿಯಿಂದ ನನಗೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲ.

ನಳಿಕೆ ಹಾಕಿಸಿಕೊಂಡಿದ್ದೇನೆ. ಅದು ನಿನ್ನನ್ನು ಕಾಯುವುದಕ್ಕೆ, ಬದುಕುವುದಕ್ಕಲ್ಲ. ಉಸಿರಿನ ಯಂತ್ರ ಬೇಡ ಎಂದೆ. ನನಗೆ ಸಾವಿನ ಹೆದರಿಕೆ ಇಲ್ಲ ಡೀಟ್. ನಮ್ಮಪ್ಪ ಅಮ್ಮ ಕಲಿಸಿದ್ದನ್ನು ನಾನು ನಂಬುತ್ತೇನೆ, ಇಸ್‌ಬ್ರಾಂಡ್‌ನಷ್ಟೇ ನಂಬುತ್ತೇನೆ. ಹೆದರಿಕೆ ಇರುವುದು ನನ್ನ ಉಗುಳಿನದು. ಮಲಗಿದರೆ ಅದೇ ಗಂಟಲಿಗೆ ಇಳಿದು ಕತ್ತು ಹಿಸುಕುತ್ತದೆ. ಅದಕ್ಕೇ ಕೂತೇ ನಿದ್ದೆ ಮಾಡುತ್ತೇನೆ. ಎದ್ದು ನಡೆಯುತ್ತೇನೆ, ಮತ್ತೆ ಕೂರುತ್ತೇನೆ. ಬೋನಿನೊಳಗಿನ ನರಿಯ ಹಾಗೆ ಮನೆ ತುಂಬ ಸುತ್ತುತ್ತೇನೆ.

ಪಾಸ್ಟರ್ ಬಂದಿದ್ದರು. ಒಳ್ಳೆಯ ಹುಡುಗ, ನನ್ನ ಬಸ್ಸಿನಲ್ಲಿ ಶಾಲೆಗೆ ಹೋದವನೇ. "ನೆಟ್ಟಿ ಆಂಟಿ, ಕಷ್ಟದಲ್ಲೂ ಒಂದು ಅರ್ಥ ಇರುತ್ತೆ" ಅಂದ. "ನಿನ್ನ ಕಷ್ಟದಲ್ಲಿ ಇರಬಹುದು" ಎಂದು ಬರೆದೆ. ನಕ್ಕುಬಿಟ್ಟ. ನಗುತ್ತಲೇ ಅವನ ಕಣ್ಣು ತುಂಬಿತು. "ನನಗೆ ಇದು ಸರಿ ಅನ್ಸಲ್ಲ ಆಂಟಿ. ಆದರೆ ನಿಮ್ಮನ್ನ ಮಣ್ಣು ಮಾಡೋಕೆ ನಾನೇ ಬರ್ತೀನಿ. ಬೇರೆ ಯಾರೂ ಬೇಡ." ಇಸ್‌ಬ್ರಾಂಡ್ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಮಣ್ಣು ಎಂಬ ಮಾತು ಬಂದದ್ದೇ ಅಲ್ಲಿಂದ ಹೊರಟುಹೋದ.

ಹಿಮ ಗಟ್ಟಿಯಾಗುವ ಮೊದಲು ಬಾ. ತಲೆ ಸರಿ ಮಾಡುವುದಕ್ಕಾದರೂ ಬಾ.

ನೆಟ್ಟಿ


ಲೂನ್ ರಾಕ್
ನವೆಂಬರ್ 4

ಅಕ್ಕ,

ಕೋಪ ಮಾಡಿಕೊಳ್ಳಬೇಡ. ಹೊರಟೇ ಇದ್ದೆ. ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದೆ. ಮಂಜು ಕವಿಯಿತು. ಇಲ್ಲಿನ ಮಂಜು ನಿಮ್ಮ ಊರಿನದರಂತಲ್ಲ, ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಹೆಲಿಕಾಪ್ಟರು ಸದ್ದು ಮಾಡಿಕೊಂಡು ಮೇಲೇ ಸುತ್ತಿ ವಾಪಸು ಹೋಯಿತು. ಅದು ಮತ್ತೆ ಬರುವಷ್ಟರಲ್ಲಿ ನನ್ನ ಜೊತೆ ಕೆಲಸ ಮಾಡುವ ನೋಲನ್ ಬೆನ್ನು ಹಿಡಿದುಕೊಂಡು ಮಲಗಿದ. ಇಬ್ಬರಲ್ಲಿ ಒಬ್ಬ ನೆಟ್ಟಗೆ ನಿಲ್ಲಲೇಬೇಕು. ಹಡಗಿನವರೂ ಸಣ್ಣ ವಿಮಾನದವರೂ ನಾವು ಹೇಳುವ ಹವಾಮಾನವನ್ನೇ ನಂಬಿ ಹೊರಡುತ್ತಾರೆ.

ನಳಿಕೆ ಹಾಕಿಸಿಕೊಂಡದ್ದು ಒಳ್ಳೆಯದಾಯಿತು. ನೋಡಿದೆಯಾ, ಒಂದೊಂದಕ್ಕೂ ಒಂದೊಂದು ಉಪಾಯ ಇದ್ದೇ ಇದೆ. ಮಾತಾಡುವ ಪೆಟ್ಟಿಗೆಯನ್ನೂ ತರಿಸಿಕೊ. ನಿನ್ನ ಕೂಗಿನಷ್ಟು ಜೋರಾಗಿರುವುದನ್ನೇ ಕೇಳು.

ಮೊನ್ನೆ ತಿಮಿಂಗಿಲವೊಂದು ಮರಿಯ ಜೊತೆ ಬಂಡೆಯ ಪಕ್ಕದಲ್ಲೇ ಹಾದುಹೋಯಿತು. ಬೇಸಿಗೆಯಲ್ಲಿ ನಿನ್ನನ್ನು ಇಲ್ಲಿಗೆ ಕರೆತರುವುದು ಹೇಗೆ ಎಂದು ಯೋಚಿಸುತ್ತಿದ್ದೇನೆ.

ಡೀಟ್


ಆಲ್ಟ್‌ಫೆಲ್ಡ್
ನವೆಂಬರ್ 22

ಡೀಟ್,

ಬೇಸಿಗೆ! ನೀನು ನನ್ನ ಕಾಗದ ಓದುತ್ತೀಯೋ, ಇಲ್ಲ ಅದರಲ್ಲಿ ಮೀನು ಸುತ್ತುತ್ತೀಯೋ?

ಆಗಲಿ, ನೋಲನ್ ಬೆನ್ನು ಬೇಗ ಸರಿಯಾಗಲಿ. ಕಾಯುತ್ತೇನೆ. ಡಾಕ್ಟರಮ್ಮನಿಗೆ ಡಿಸೆಂಬರ್ ಮೊದಲ ವಾರ ಎಂದಿದ್ದೇನೆ. "ಆತುರ ಏನೂ ಇಲ್ಲ ನೆಟ್ಟಿ. ನಿಮಗೆ ಯಾವತ್ತು ಬೇಕೋ ಅವತ್ತೇ. ಬೇಡವೇ ಬೇಡ ಅಂದ್ರೂ ನಂಗೆ ಸಂತೋಷವೇ" ಎನ್ನುತ್ತಾಳೆ. ಒತ್ತಾಯ ಮಾಡುವವರು ಯಾರೂ ಇಲ್ಲದಿರುವುದೇ ಒಂದು ಕಷ್ಟ, ಗೊತ್ತಾ? ಜಗಳವಾಡಲು ಎದುರಿಗೆ ಯಾರೂ ಇಲ್ಲ. ಎಲ್ಲವನ್ನೂ ನಾನೇ ಹೊತ್ತುಕೊಳ್ಳಬೇಕು.

ಈ ವಾರ ಎರಡು ಒಳ್ಳೆಯ ದಿನ ಬಂದವು. ಭಾನುವಾರ ಮಧ್ಯಾಹ್ನ ಫಾಸ್ಪಾ ತಿಂಡಿಗೆ ನೆಂಟರು ಬಂದರು. ಬನ್ನು, ಚೀಸು, ರುಬಾರ್ಬ್ ಜಾಮು, ಕಾಫಿ. ನಾನು ವಾಸನೆ ಕುಡಿದೆ. ಮಕ್ಕಳು ನನ್ನ ಹಲಗೆಯ ಮೇಲೆ ಹಂದಿ ಬರೆದು ಇಸ್‌ಬ್ರಾಂಡ್‌ನ ಹೆಸರು ಹಾಕಿದರು. ನನಗೆ ಈಗ ನಗು ಬಂದರೆ ನಿಲ್ಲುವುದಿಲ್ಲ, ಅದೂ ಕಾಯಿಲೆಯೇ. ನಕ್ಕು ನಕ್ಕು ಉಸಿರು ಸಿಕ್ಕಿಕೊಂಡು ಎಲ್ಲರೂ ಗಾಬರಿಯಾದರು. ಇದನ್ನೆಲ್ಲ ಬರೆಯಲು ನನಗೆ ಹೆದರಿಕೆ. "ನೋಡು, ಇನ್ನೂ ನಗುತ್ತೀಯಲ್ಲ, ಇನ್ನಷ್ಟು ದಿನ ಇರು" ಎನ್ನುತ್ತೀಯ. ನನ್ನ ಒಂದೊಂದು ಸಂತೋಷವನ್ನೂ ನನ್ನ ವಿರುದ್ಧ ಸಾಕ್ಷಿ ಮಾಡಿಕೊಳ್ಳಬೇಡ.

ಎಡಗೈಯ ಹೆಬ್ಬೆರಳು ಸೋಲುತ್ತಿದೆ. ಬಾ.

ನೆಟ್ಟಿ


ಲೂನ್ ರಾಕ್
ಡಿಸೆಂಬರ್ 6

ಅಕ್ಕ,

ಮತ್ತೆ ಮಂಜು. ಈ ವರ್ಷದಂಥ ಮಂಜನ್ನು ನಾನು ಕಂಡಿದ್ದೇ ಇಲ್ಲ. ಸಮುದ್ರ ಯಾವುದು, ಆಕಾಶ ಯಾವುದು ಗೊತ್ತಾಗುವುದಿಲ್ಲ, ಮನೆಯಿಂದ ಗೋಪುರಕ್ಕೆ ಹೋಗುವಾಗಲೂ ಹಗ್ಗ ಹಿಡಿದುಕೊಂಡೇ ಹೋಗುತ್ತೇನೆ. ಹೆಲಿಕಾಪ್ಟರಿನವರು ಈ ವಾರವೂ ಆಗುವುದಿಲ್ಲ, ಮುಂದಿನ ವಾರ ನೋಡೋಣ ಎಂದರು. ನೋಲನ್ ಇನ್ನೂ ಕೋಲು ಹಿಡಿದೇ ನಡೆಯುತ್ತಾನೆ. ಕ್ರಿಸ್‌ಮಸ್ ಆಗಲಿ. ಆಮೇಲೆ ಬರುತ್ತೇನೆ, ಖಂಡಿತ.

ಬೆಚ್ಚಗಿರು.

ಡೀಟ್


ಆಲ್ಟ್‌ಫೆಲ್ಡ್
ಡಿಸೆಂಬರ್ 21

ಡೀಟ್ರಿಕ್,

ಪ್ರತಿ ದಿನ ಕಾಫಿ ಹೊತ್ತಿಗೆ ಕರೋಲಾ ಕೊಟ್ಟಿರುವ ಟ್ಯಾಬ್ಲೆಟ್‌ನಲ್ಲಿ ನಾನು ಲೂನ್ ರಾಕ್‌ನ ಹವಾಮಾನ ವರದಿ ಓದುತ್ತೇನೆ. ನೀನು ಇಷ್ಟು ವರ್ಷ ಅಲ್ಲಿದ್ದೂ ನಾನು ಅದನ್ನು ಓದಬಹುದೆಂದು ಈ ಶರತ್ಕಾಲದವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಿಡಲಿಲ್ಲ. ನೀನು ಎದ್ದಿದ್ದೀಯ, ಕೆಲಸ ಮಾಡುತ್ತಿದ್ದೀಯ ಎಂಬ ಸಮಾಧಾನಕ್ಕೆ.

ನವೆಂಬರ್ ಕೊನೆಯ ವಾರ: ಆಕಾಶ ಶುಭ್ರ, ಹದಿನೈದು ಮೈಲಿ ದೂರ ಕಾಣುತ್ತದೆ, ಸಮುದ್ರ ಶಾಂತ. ಡಿಸೆಂಬರ್ ಮೊದಲ ವಾರ: ತೆಳು ಮೋಡ, ಹದಿನೈದು ಮೈಲಿ. ವರದಿ ಕೊಟ್ಟವನು ನೀನು. ಹಡಗಿನವರಿಗೂ ವಿಮಾನದವರಿಗೂ ನೀನು ಸುಳ್ಳು ಹೇಳಲಾರೆ. ಅಕ್ಕನಿಗೆ ಹೇಳಬಲ್ಲೆ.

ನೋಲನ್‌ಗೆ ಕರೋಲಾ ಫೋನ್ ಮಾಡಿದ್ದಳು. ಅವನ ಬೆನ್ನು ಚೆನ್ನಾಗಿದೆಯಂತೆ. ಬದಲಿ ಕೆಲಸಗಾರ ಅಕ್ಟೋಬರ್‌ನಿಂದಲೇ ತಯಾರಿದ್ದಾನಂತೆ. "ಅವರು ಬೇಡ ಅಂದ್ರು, ಯಾಕೆ ಅಂತ ನಂಗೊತ್ತಿಲ್ಲ ಮೇಡಂ" ಅಂದನಂತೆ.

ನನಗೆ ಗೊತ್ತು. ನೀನು ಬರುವವರೆಗೆ ಹೋಗುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಆ ಮಾತಿನಿಂದಲೇ ನೀನು ನನ್ನ ಕಾಲು ಕಟ್ಟಿ ಹಾಕಿದೆ. ನಾನು ಇಲ್ಲಿ ಕೂತು ಉಗುಳು ನುಂಗಲಾರದೆ ಸುತ್ತುತ್ತಿರುವಾಗ ನೀನು ಅಲ್ಲಿ ಕೂತು ಮಂಜು ತಯಾರಿಸುತ್ತಿದ್ದೆ.

ಬರುತ್ತೀಯೋ ಇಲ್ಲವೋ. ಒಂದೇ ಮಾತಿನಲ್ಲಿ ಬರೆ. ತಿಮಿಂಗಿಲ ಬೇಡ.

ನೆಟ್ಟಿ


ಲೂನ್ ರಾಕ್
ಜನವರಿ 4

ಅಕ್ಕ,

ಇಲ್ಲ.

ಒಂದೇ ಮಾತು ಕೇಳಿದೆ, ಬರೆದೆ. ಇನ್ನು ನನ್ನ ಮಾತನ್ನೂ ಕೇಳು.

ಹೌದು, ಸುಳ್ಳು ಹೇಳಿದೆ. ಕಣ್ಣಿಗೆ ಹೊಡೆಯುವಂಥ ಬಿಸಿಲಿನಲ್ಲಿ ಕೂತು ಮಂಜು ಬರೆದೆ. ಬೇಕಾದರೆ ಇನ್ನೂ ಬರೆಯುತ್ತೇನೆ. ನೀನು ನನಗೆ ಹೇಳಿಕಳಿಸಿದ್ದು ಏನು ಎಂದು ಒಮ್ಮೆಯಾದರೂ ಯೋಚಿಸಿದೆಯಾ? ನಾನು ಕಾಲಿಟ್ಟ ದಿನ ನೀನು ಸಾಯುತ್ತೀಯ. ಯಾವ ಅಕ್ಕ ತಮ್ಮನಿಗೆ ಇಂಥ ಷರತ್ತು ಹಾಕುತ್ತಾಳೆ? ಡಾಕ್ಟರು ಸೂಜಿ ಹಿಡಿಯುತ್ತಾರೆ, ಸರಿ. ದಿನ ಗೊತ್ತು ಮಾಡುವವನು ನಾನು. ಇಲ್ಲಿ ಹೆಲಿಕಾಪ್ಟರ್ ಹತ್ತಿದರೆ ಅಲ್ಲಿ ಅವರು ಸೂಜಿ ಸಿದ್ಧ ಮಾಡುತ್ತಾರೆ. ಪ್ರತಿ ಸಲ ಚೀಲಕ್ಕೆ ಒಂದು ಅಂಗಿ ಹಾಕಿದಾಗಲೂ ನನಗೆ ಕಂಡದ್ದು ಅದೇ. ಅದಕ್ಕೇ ತೆಗೆದಿಟ್ಟೆ.

ನೀನು ಜಗಳವಾಡಲು ಯಾರೂ ಇಲ್ಲ ಎಂದೆ. ನಾನಿದ್ದೇನೆ. ನಾನು ಇಲ್ಲಿರುವಷ್ಟು ದಿನ ನೀನು ಅಲ್ಲಿರುತ್ತೀಯ. ನನಗೆ ಅಷ್ಟು ಸಾಕು. ಬೈಯಿ, ಬರೆಯುತ್ತಾ ಇರು.

ಡೀಟ್


ಆಲ್ಟ್‌ಫೆಲ್ಡ್
ಜನವರಿ 15

ಡೀಟ್ರಿಕ್‌ಗೆ,

ಇದನ್ನು ನಾನು ಹೇಳಿ, ಕರೋಲಾ ಟೈಪು ಮಾಡಿ ಇಮೇಲ್‌ನಲ್ಲಿ ಕಳಿಸುತ್ತಿದ್ದಾಳೆ. ನನಗೆ ಇದೆಲ್ಲ ಬರುವುದಿಲ್ಲ. ನೆಟ್ಟಿಗೆ ಹೇಳಿಲ್ಲ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಒಣ ಹಣ್ಣಿನ ಸೂಪು ಒಂದು ಚಮಚ ಬೇಕು ಎಂದು ಬರೆದಳು. ಬಾಯಿಂದ ಏನೂ ಕೊಡಬಾರದು ಎಂದಿದ್ದಾರೆ. ರುಚಿಗೆ ಎಂದಳು. ನಾನೇ ಮಾಡಿದ್ದ ಸೂಪು, ನಾನೇ ಕೊಟ್ಟೆ. ಅದು ತಪ್ಪು ದಾರಿಗೆ ಇಳಿಯಿತು. ಅವಳ ಮುಖ ನೀಲಿಯಾಯಿತು. ಗಂಟಲಲ್ಲಿ ಸಿಕ್ಕಿದ್ದನ್ನು ಹೀರುವ ಯಂತ್ರ ತಂದು ಹಚ್ಚಿದೆ. ಅವಳು ನನ್ನ ಅಂಗಿಯನ್ನು ಹಿಡಿದುಕೊಂಡು ನೋಡಿದಳು. ಆ ನೋಟವನ್ನು ನಾನು ಹೇಳಲಾರೆ. ಉಸಿರು ಬಂದ ಮೇಲೆ ಮೊದಲು ಹಲಗೆ ಕೇಳಿದಳು. "ಡೀಟ್ ಬಂದನಾ?" ಎಂದು ಬರೆದಳು.

ಅವಳು ಮಾಡಹೊರಟಿರುವುದನ್ನು ನಾನು ಒಪ್ಪಿಲ್ಲ. ಪ್ರಾಣ ಕೊಟ್ಟವನೇ ತೆಗೆದುಕೊಳ್ಳಬೇಕು ಎಂದು ಈಗಲೂ ನಂಬಿದ್ದೇನೆ. ಆ ದಿನಕ್ಕಿಂತ ಮೊದಲೇ ಅವಳನ್ನು ಕರೆದುಕೊಳ್ಳಪ್ಪಾ ಎಂದು ದಿನವೂ ಬೇಡಿಕೊಂಡೆ. ನೀನು ಬರುತ್ತಿಲ್ಲವೆಂದು ಗೊತ್ತಾದಾಗ ಒಳಗೊಳಗೇ ಸಂತೋಷವೂ ಆಯಿತು. ಅದನ್ನೂ ಹೇಳಿಬಿಡುತ್ತೇನೆ.

ನಿನ್ನೆಯಿಂದ ಹಾಗಿಲ್ಲ. ನಾನು ದೇವರಿಗಾಗಿ ಕಾಯುತ್ತಿದ್ದೆ. ಅವಳು ಕಾಯುತ್ತಿರುವುದು ನಿನಗಾಗಿ. ನೀನು ದೇವರಲ್ಲ ಡೀಟ್.

ಇಸ್‌ಬ್ರಾಂಡ್ ಪ್ಲೆಟ್


ಆಲ್ಟ್‌ಫೆಲ್ಡ್
ಜನವರಿ 18

ಡೀಟ್,

ಈಗ ಬಲಗೈ ಒಂದೇ. ಅಕ್ಷರ ಸೊಟ್ಟಗಿದ್ದರೂ ಓದಿಕೊ. ಕಾಗದ ಬೇಗ ತಲುಪಲೆಂದು ಕರೋಲಾ ಇದರ ಫೋಟೋ ತೆಗೆದು ಕಳಿಸುತ್ತಾಳೆ.

ನೀನು ಬರೆದದ್ದನ್ನು ಬಹಳ ಸಲ ಓದಿದೆ. ಮೊದಲು ಬೈದೆ. ಆಮೇಲೆ, ನೀನು ಹೇಳಿದ್ದರಲ್ಲಿ ಒಂದು ಮಾತು ಸರಿ ಎನ್ನಿಸಿತು. ಷರತ್ತು ಹಾಕಬಾರದಿತ್ತು. ಒಬ್ಬಳೇ ಹೊರಲಾರದ್ದನ್ನು ಅರ್ಧ ನಿನ್ನ ತಲೆಗೆ ಎತ್ತಿಟ್ಟೆ. ಹೊರು ಎಂದು ಕೇಳಲೂ ಇಲ್ಲ.

ಅದನ್ನು ವಾಪಸು ತೆಗೆದುಕೊಂಡಿದ್ದೇನೆ. ದಿನ ನಾನೇ ಗೊತ್ತು ಮಾಡಿದ್ದೇನೆ, ಫೆಬ್ರವರಿ 6, ಗುರುವಾರ ಬೆಳಿಗ್ಗೆ. ನೀನು ಬಂದರೂ ಅಂದೇ, ಬಾರದಿದ್ದರೂ ಅಂದೇ. ನಿನ್ನ ಪ್ರಯಾಣಕ್ಕೂ ನನ್ನ ಪ್ರಾಣಕ್ಕೂ ಇನ್ನು ಸಂಬಂಧವಿಲ್ಲ. ಬಾರದಿದ್ದರೆ ನನಗೆ ಕೋಪವಿಲ್ಲ. ದುಃಖವಿದೆ. ಅದನ್ನು ಮುಚ್ಚಿಡುವುದಿಲ್ಲ.

ಬರುವುದಾದರೆ ನನ್ನನ್ನು ನೋಡುವುದಕ್ಕೆ ಬಾ. ತಡೆಯುವುದಕ್ಕಲ್ಲ, ಕಳಿಸುವುದಕ್ಕೂ ಅಲ್ಲ.

ನಿನ್ನ ಅಕ್ಕ


ಲೂನ್ ರಾಕ್
ಜನವರಿ 31

ಅಕ್ಕ,

ಇಮೇಲ್‌ನಲ್ಲೇ ಬರೆಯುತ್ತಿದ್ದೇನೆ. ಈ ಸಲ ನಿಜವಾಗಿ ಮಂಜಿದೆ. ವರದಿ ನೋಡು, ಕಾಲು ಮೈಲಿಯೂ ಕಾಣುತ್ತಿಲ್ಲ. ಹೆಲಿಕಾಪ್ಟರ್ ಬರುವುದಿಲ್ಲ. ಏಡಿ ಹಿಡಿಯುವವನೊಬ್ಬ ಮೋಟಾರು ದೋಣಿಯಲ್ಲಿ ಕರೆದೊಯ್ಯಲು ಒಪ್ಪಿದ್ದಾನೆ. "ನಿಂಗೇನು ತಲೆ ಕೆಟ್ಟಿದ್ಯಾ?" ಅಂದ. ಹೌದು ಅಂದೆ. "ಹಂಗಾದ್ರೆ ಸರಿ, ಹತ್ತು" ಅಂದ.

ಹೊರಟೆ.

ಡೀಟ್


ಆಲ್ಟ್‌ಫೆಲ್ಡ್
ಮಾರ್ಚ್ 3

ಡೀಟ್ರಿಕ್‌ಗೆ,

ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಉಣ್ಣೆಯ ಟೋಪಿ ಇಲ್ಲೇ ಉಳಿದಿದೆ, ಕಳಿಸುತ್ತೇನೆ.

ಮಣ್ಣು ಮಾಡಿದ ದಿನ ಚರ್ಚು ತುಂಬಿತ್ತು, ನೀನೇ ನೋಡಿದೆ. ಬಂದ ಕೆಲವರು ಹೇಗೆ ಹೋದಳೆಂದು ಗೊತ್ತಿದ್ದೂ ಆ ಮಾತೆತ್ತಲಿಲ್ಲ, ಕೆಲವರು ಗೊತ್ತಿದ್ದದ್ದಕ್ಕೇ ಬರಲಿಲ್ಲ. ನಾನು ಡೀಕನ್ ಕೆಲಸ ಬಿಡುತ್ತೇನೆ ಎಂದೆ. ಪಾಸ್ಟರ್ ಒಪ್ಪಲಿಲ್ಲ.

ಮನೆಯಲ್ಲಿ ಕೂರಲಾಗುವುದಿಲ್ಲ. ಕೊಟ್ಟಿಗೆಗೆ ಹೋಗುತ್ತೇನೆ, ಬರುತ್ತೇನೆ. ಮತ್ತೆ ಹೋಗುತ್ತೇನೆ.

ಒಂದು ವಿಷಯ ಕೇಳಬೇಕಿತ್ತು. ನೀನು ಇಲ್ಲಿದ್ದಾಗ ಎದುರಿಗೆ ಕೂತು ಕೇಳಲಾಗಲಿಲ್ಲ. ಕರೋಲಾಳನ್ನು ಕೇಳಿದರೆ ಅಳುತ್ತಾಳೆ. ಅಷ್ಟು ವರ್ಷ ಸಂಸಾರ ಮಾಡಿದವನು ನಾನು, ಆ ಕೋಣೆಯೊಳಗೆ ಬರಲಿಲ್ಲ. ಬಂದರೆ ಒಪ್ಪಿದಂತಾಗುತ್ತದೆ ಎಂದುಕೊಂಡಿದ್ದೆ. ಈಗ ಏನೆಂದುಕೊಳ್ಳಬೇಕೋ ತಿಳಿಯುತ್ತಿಲ್ಲ.

ಅವಳು ನನ್ನನ್ನು ಕರೆದಳೇ? ಕರೆದಿದ್ದರೂ ಬರೆ, ಕರೆಯದಿದ್ದರೂ ಬರೆ. ನನಗೆ ಹಿತವಾಗಲೆಂದು ಏನನ್ನೂ ಬರೆಯಬೇಡ.

ಇಸ್‌ಬ್ರಾಂಡ್


ಲೂನ್ ರಾಕ್
ಮಾರ್ಚ್ 19

ಇಸ್‌ಬ್ರಾಂಡ್ ಭಾವ,

ನಿಮಗೆ ಒಂದು ಉತ್ತರ ಬರೆದು ಹರಿದು ಹಾಕಿದೆ. ಅದರಲ್ಲಿ ಅಕ್ಕ ನಿಮ್ಮ ಹೆಸರು ಬರೆದು ಕರೆದಳು ಎಂದಿತ್ತು. ಬರೆಯುವುದು ಬಹಳ ಸಲೀಸಾಗಿತ್ತು, ನಾಲ್ಕು ತಿಂಗಳು ಅಭ್ಯಾಸ ಮಾಡಿದವನಲ್ಲವೇ. ಇದು ನಡೆದದ್ದು.

ಆ ಬೆಳಿಗ್ಗೆ ನೀವು ಅಂಗಳದಲ್ಲಿ ಟ್ರ್ಯಾಕ್ಟರಿನಿಂದ ಹಿಮ ತೆಗೆಯುತ್ತಿದ್ದಿರಿ. ತೆಗೆಯಲು ಏನೂ ಉಳಿದಿರಲಿಲ್ಲ, ಬರೀ ಜಲ್ಲಿ ಕೆರೆಯುತ್ತಿದ್ದಿರಿ. ಒಳಗೆ ಡಾಕ್ಟರಮ್ಮ ಅಕ್ಕನ ಕುರ್ಚಿಯ ಪಕ್ಕ ಮಂಡಿಯೂರಿ ಕೂತಿದ್ದರು. "ನೆಟ್ಟಿ, ಇವತ್ತು ಬೇಡ ಅನ್ನಿಸಿದ್ರೆ ನಾವು ಎದ್ದು ಹೋಗ್ತೀವಿ. ಯಾರೂ ಏನೂ ಅಂದ್ಕೊಳ್ಳಲ್ಲ" ಅಂದರು. ಕೇಳಲೇಬೇಕಾದ ಮಾತಂತೆ, ಆದರೆ ಕೇಳಬೇಕಲ್ಲ ಎಂದು ಕೇಳಿದ ಹಾಗಿರಲಿಲ್ಲ. ಅವಳು ಬೇಡ ಎನ್ನಲಿ ಎಂದು ಆಗಲೂ ಬೇಡಿಕೊಳ್ಳುತ್ತಿದ್ದೆ ಭಾವ. ದೋಣಿಯಲ್ಲಿ ಬಂದರೂ ಮನಸ್ಸು ಪೂರ್ತಿ ಬಂದಿರಲಿಲ್ಲ.

ಅವಳು ಬರೆದಳು: "ಮೊದಲು ಆ ಟ್ರ್ಯಾಕ್ಟರ್ ನಿಲ್ಲಿಸಿ. ಯೋಚನೆ ಮಾಡಲಾಗುತ್ತಿಲ್ಲ."

ನಾನು ಹೊರಗೆ ಬಂದದ್ದು ಅದಕ್ಕೆ. ನೀವು ನನ್ನನ್ನು ನೋಡಿ ಬಿಳಿಚಿಕೊಂಡು "ಮುಗೀತಾ?" ಅಂದಿರಿ. "ಇಲ್ಲ ಭಾವ, ಟ್ರ್ಯಾಕ್ಟರ್ ನಿಲ್ಲಿಸ್ಬೇಕಂತೆ" ಅಂದೆ. "ಇಷ್ಟು ದಿನ ಆದ್ಮೇಲೂ ಬೈಯೋದು ಬಿಟ್ಟಿಲ್ಲ ಇವ್ಳು" ಅಂದಿರಿ. ಕೀ ತಿರುಗಿಸಿದಿರಿ. ನನ್ನ ಹಿಂದೆಯೇ ಅಡುಗೆಮನೆಯವರೆಗೆ ಬಂದು ಬೆಂಚಿನ ಮೇಲೆ ಕೂತು ಒಂದು ಬೂಟು ಬಿಚ್ಚಿದಿರಿ. ಇನ್ನೊಂದನ್ನು ಬಿಚ್ಚಲಿಲ್ಲ. ಅಲ್ಲಿಯವರೆಗೆ ನಿಮಗೆ ಗೊತ್ತು.

ನಿಮಗೆ ಗೊತ್ತಿಲ್ಲದ್ದು ಇದು. ಕೋಣೆಯ ಬಾಗಿಲು ಅರೆ ತೆರೆದಿತ್ತು. ಅಕ್ಕ ಕೂತಿದ್ದ ಜಾಗದಿಂದ ಬೆಂಚಿನ ತುದಿಯೂ ಕಾಲುಚೀಲದಲ್ಲಿದ್ದ ನಿಮ್ಮ ಒಂದು ಪಾದವೂ ಕಾಣುತ್ತಿದ್ದವು. ಅವಳು ಅದನ್ನೇ ನೋಡುತ್ತಿದ್ದಳು. "ಭಾವನ್ನ ಕರೀಲಾ ಅಕ್ಕ?" ಅಂದೆ. ಅವಳು ಪೆನ್ನು ಎತ್ತಿಕೊಂಡಳು. ಆಮೇಲೆ ಬರೆದಳು:

"ಬೇಡ. ಅವನಿಂದ ಆಗುವಷ್ಟು ಹತ್ತಿರ ಬಂದಿದ್ದಾನೆ."

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಇಲ್ಲ. ಕರೆಯಲಿಲ್ಲ. ನಾನು ಕರೆಯುತ್ತೇನೆ ಎಂದಾಗ ಬೇಡವೆಂದಳು. ಅದರಲ್ಲಿ ಕೋಪವಿರಲಿಲ್ಲ. ಅಕ್ಕನ ಕೋಪ ನನಗೆ ಚೆನ್ನಾಗಿ ಗೊತ್ತು, ಈ ಚಳಿಗಾಲವೆಲ್ಲ ಅದನ್ನೇ ಓದಿದ್ದೇನೆ. ಡಾಕ್ಟರಮ್ಮನ ಜೊತೆ ಬಂದಿದ್ದ ನರ್ಸು ಬಾಗಿಲು ಮುಂದೆ ಮಾಡಲು ಹೋದಾಗ ಅಕ್ಕ ಹಲಗೆಯ ಮೇಲೆ ಪೆನ್ನಿನಿಂದ ಬಡಿದಳು. ಬರೆಯಲು ಕೈ ಏಳಲಿಲ್ಲ. ಕರೋಲಾಗೆ ಅರ್ಥವಾಯಿತು. ಅವಳು ಎದ್ದು ಬಾಗಿಲನ್ನು ಗೋಡೆಗೆ ತಾಗುವವರೆಗೆ ತೆರೆದಿಟ್ಟಳು. ಬಾಗಿಲು ಹಾಕಲು ಮರೆತರು ಎಂದುಕೊಂಡಿರಬಹುದು ನೀವು. ಯಾರೂ ಮರೆಯಲಿಲ್ಲ.

ಡಾಕ್ಟರಮ್ಮ ಮತ್ತೆ ಕೇಳಿದರು. ಅಕ್ಕ ಆಗಲಿ ಎಂದು ತಲೆಯಾಡಿಸಿದಳು, ಸ್ಪಷ್ಟವಾಗಿ, ಬಸ್ಸಿನಲ್ಲಿ ಮಕ್ಕಳೆಲ್ಲ ಕೂತರೆಂದು ನೋಡಿ ಹೊರಡುತ್ತಿದ್ದಳಲ್ಲ, ಹಾಗೆ.

ಅದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಗೋಪುರದ ಮೆಟ್ಟಿಲು ಹತ್ತುವಾಗ ಸರಿ ಎನ್ನಿಸುತ್ತದೆ, ಇಳಿಯುವಾಗ ಅನ್ನಿಸುವುದಿಲ್ಲ. ನಾನು ಹೋದದ್ದು ಸರಿ, ಅಷ್ಟು ಮಾತ್ರ ಗೊತ್ತು. ಬಹಳ ತಡವಾಗಿ ಹೋದೆ ಎಂಬುದೂ ಗೊತ್ತು. ಅದಕ್ಕೆ ಪರಿಹಾರವಿಲ್ಲ.

ಔಷಧಿ ಒಳಗೆ ಹೋಗುತ್ತಿದ್ದಾಗ ಅವಳ ಬಲಗೈ ನನ್ನ ಕೈಯಲ್ಲಿತ್ತು, ಎಡಗೈ ಕರೋಲಾಳ ಕೈಯಲ್ಲಿ. ನಮ್ಮಿಬ್ಬರನ್ನೂ ನೋಡಿದಳು. ಕಣ್ಣು ಮುಚ್ಚಿದವು. ಹೋದಳೆಂದೇ ನಾನು ಎಣಿಸಿದೆ. ಆಗ ಅಡುಗೆಮನೆಯಲ್ಲಿ ನೀವು ಕೆಮ್ಮಿದಿರಿ. ಅವಳ ಹುಬ್ಬು ಮೇಲೆದ್ದಿತು, ಏನೋ ಹೇಳಲು ಹೊರಟವರ ಹುಬ್ಬಿನ ಹಾಗೆ. ಕೆಳಗಿಳಿಯಿತು.

ಆಮೇಲೆ ಅಲುಗಲಿಲ್ಲ.

ಡೀಟ್